ಆ ಕನಿಕರ ಸಾಕ್ಷಿಯಿಂದ ಬಂತಾ, ಎಡಿಟಿಂಗ್‌ನಿಂದ ಬಂತಾ?

ಕ್ರೈಮ್ ಡಾಕ್ಯುಮೆಂಟರಿ ನೋಡುವಾಗ ಆರೋಪಿ ಮೇಲೆ ಕನಿಕರ ಬಂದರೆ, ಅದು ಸಾಕ್ಷಿಯಿಂದಲಾ ಅಥವಾ ಸಂಗೀತ, ಎಡಿಟಿಂಗ್‌ನಿಂದಲಾ ಎಂದು ಕೇಳಿದ್ದೀರಿ. ಎರಡೂ ಸೇರಿಯೇ ಬರುತ್ತದೆ. ಬಿಡಿಸಿ ನೋಡೋಕೆ 1988ರ 'ದಿ ಥಿನ್ ಬ್ಲೂ ಲೈನ್' ನೋಡಿ, ಎರೋಲ್ ಮಾರಿಸ್ ಮಾಡಿದ ಡಾಕ್ಯುಮೆಂಟರಿ.

1976ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಾಯಿತು, ಆ ಕೇಸಲ್ಲಿ ರ‍್ಯಾಂಡಲ್ ಆಡಮ್ಸ್‌ಗೆ ಮರಣದಂಡನೆ ಆಯಿತು, ಆಮೇಲೆ ಅದು ಜೀವಾವಧಿಗೆ ಇಳಿಯಿತು. ಚಿತ್ರದಲ್ಲಿ ಆಡಮ್ಸ್ ಬಿಳಿ ಅಂಗಿಯಲ್ಲಿ, ಅವನ ವಿರುದ್ಧ ಸಾಕ್ಷಿ ಹೇಳಿದ ಡೇವಿಡ್ ಹ್ಯಾರಿಸ್ ಜೈಲಿನ ಕಿತ್ತಳೆ ಬಟ್ಟೆಯಲ್ಲಿ ಕೂತಿರುತ್ತಾರೆ. ಆ ಬಣ್ಣವೇ ನಮ್ಮ ಮನಸ್ಸಲ್ಲಿ ಅರ್ಧ ತೀರ್ಪು ಕೊಟ್ಟುಬಿಡುತ್ತದೆ, ಅಲ್ವಾ? ಮೇಲೆ ಫಿಲಿಪ್ ಗ್ಲಾಸ್ ಸಂಗೀತ ಬೇರೆ, ಸುತ್ತಿ ಸುತ್ತಿ ಬಂದು ಎದೆ ಭಾರ ಮಾಡುತ್ತದೆ.

ಆದರೆ ನನಗೆ ತುಂಬಾ ಇಷ್ಟವಾದದ್ದು ಮಿಲ್ಕ್‌ಶೇಕ್ ಲೋಟ ಗಾಳಿಯಲ್ಲಿ ನಿಧಾನಕ್ಕೆ ಹಾರಿ ರಸ್ತೆಗೆ ಬೀಳುವ ಶಾಟ್. ಅದು ನಟಿಸಿ ತೆಗೆದದ್ದು, ನಿಜ, ಆದರೆ ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ. ಕೊಲೆಯಾದ ಅಧಿಕಾರಿಯ ಜೊತೆಗಿದ್ದ ಮಹಿಳಾ ಪೊಲೀಸ್ ಆ ಹೊತ್ತಿಗೆ ಕಾರಿನ ಹೊರಗಿದ್ದರಾ, ಮಿಲ್ಕ್‌ಶೇಕ್ ಹಿಡಿದು ಒಳಗೇ ಕೂತಿದ್ದರಾ ಎಂಬ ಪ್ರಶ್ನೆಗೆ ಅದು ನಮ್ಮನ್ನು ತಂದು ನಿಲ್ಲಿಸುತ್ತದೆ. ಒಬ್ಬೊಬ್ಬರು ಹೇಳಿದ ಹಾಗೆ ಅದೇ ರಾತ್ರಿಯನ್ನು ಮತ್ತೆ ಮತ್ತೆ ಬದಲಿಸಿ ತೋರಿಸುವುದರಿಂದ, ಯಾವ ಹೇಳಿಕೆ ಎಲ್ಲಿ ಜಾರುತ್ತದೆ ಎಂದು ನಮಗೇ ಕಾಣುತ್ತದೆ. ಚಿತ್ರ ಬಂದ ಮರುವರ್ಷ, 1989ರಲ್ಲಿ, ಆಡಮ್ಸ್ ಬಿಡುಗಡೆಯಾದ.

ಹಾಗಂತ ಆ ಚಿತ್ರಕ್ಕೂ ಒಂದು ಕೊರತೆ ಇದೆ. ಸತ್ತ ಅಧಿಕಾರಿಯ ಬದುಕಿನ ಬಗ್ಗೆ ಅದರಲ್ಲಿ ಸಿಗುವುದು ತೀರಾ ಕಡಿಮೆ, ನನಗದು ಇವತ್ತಿಗೂ ನೋವು.

ನಿಮಗೆ ಅನುಮಾನ ಬಂದ ದೃಶ್ಯವನ್ನು ಸಂಗೀತ ಇರುವಲ್ಲಿ ಸೌಂಡ್ ಆಫ್ ಮಾಡಿ, ಸಬ್‌ಟೈಟಲ್ ಓದುತ್ತಾ ಇನ್ನೊಮ್ಮೆ ನೋಡಿ.