ಎರಡು ಜೆಟ್ ಸ್ಕೀಗಳನ್ನು ಉಡುಪಿಯಿಂದ ಮಲ್ಪೆಗೆ ಟ್ರೇಲರ್‌ನಲ್ಲಿ ಎಳೆದೊಯ್ಯಲು ಕಾರು ಸಾಕೇ, ಪಿಕಪ್ ಬೇಕೇ?

ಎರಡಾದರೆ ಪಿಕಪ್ಪೇ ಬೇಕು. ಮೊದಲು ತೂಕ ಕೂಡಿಸಿ ನೋಡಿ. ಮೂರು ಸೀಟಿನ ಜೆಟ್ ಸ್ಕೀ ಒಂದಕ್ಕೆ ಸುಮಾರು 350 ಕೆಜಿ, ಟ್ಯಾಂಕ್ ತುಂಬಾ ಪೆಟ್ರೋಲ್ ಇದ್ದರೆ ಇನ್ನೊಂದು 50. ಟ್ರೇಲರ್ 250 ಎಂದಿಟ್ಟುಕೊಂಡರೂ ಒಟ್ಟು 1,050 ಕೆಜಿ ಆಯಿತು, ಅಂದರೆ ಒಂದು ಸಣ್ಣ ಕಾರಿನಷ್ಟೇ ಭಾರ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಹೇಗೋ ಎಳೆದೀತು. ಆದರೆ ಬ್ರೇಕ್ ಹಾಕಿದಾಗ ಹಿಂದಿನ ಭಾರ ಕಾರನ್ನೇ ಮುಂದಕ್ಕೆ ನೂಕುತ್ತದೆ.

ನಿಜವಾದ ತೊಂದರೆ ನೀರಿನಿಂದ ಮೇಲೆ ತರುವಾಗ. ಹೇರಿದ ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ವಾಹನದ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಮೇಲೆ ಕೂರಬೇಕು. ಕಡಿಮೆಯಾದರೆ ಓಡುವಾಗ ಟ್ರೇಲರ್ ಅತ್ತಿತ್ತ ಬಳುಕುತ್ತದೆ. ಆದರೆ ಅದೇ ಭಾರ ಕಾರಿನ ಹಿಂಭಾಗವನ್ನು ಒತ್ತಿ ಮುಂದಿನ ಚಕ್ರಗಳನ್ನು ಹಗುರ ಮಾಡುತ್ತದೆ. ನಮ್ಮ ಹೆಚ್ಚಿನ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರಗಳೇ. ಪಾಚಿ ಹಿಡಿದ ಇಳಿಜಾರಿನಲ್ಲಿ ಅವು ಸುಮ್ಮನೆ ಸುತ್ತುತ್ತವೆ. ಹಿಂದಿನ ಚಕ್ರ ಎಳೆಯುವ ಪಿಕಪ್‌ಗೆ ಅದೇ ಭಾರ ಹಿಡಿತ ಕೊಡುತ್ತದೆ. ಮರಳಿನಲ್ಲಿ ಇಳಿಸುವುದಾದರೆ ಫೋರ್ ವೀಲ್ ಡ್ರೈವ್ ಬಿಟ್ಟು ಬೇರೆ ಯೋಚಿಸಬೇಡಿ.

ಟ್ರೇಲರ್ ಬೇಡ, ಪಿಕಪ್ಪಿನಲ್ಲೇ ಹೇರೋಣ ಎಂದರೆ ಜೆಟ್ ಸ್ಕೀ ಸುಮಾರು 11 ಅಡಿ ಉದ್ದ, ಹೊರಗೆ ಚಾಚುತ್ತದೆ.

ಒಂದೇ ಜೆಟ್ ಸ್ಕೀ ಇದ್ದರೆ ಗಟ್ಟಿ ಎಸ್‌ಯುವಿ ಸಾಕು. ಕೈಪಿಡಿಯಲ್ಲಿ ಎಳೆಯುವ ಮಿತಿ ನೋಡಿಕೊಳ್ಳಿ.

ಯಾವುದರಲ್ಲೇ ಹೋಗಿ, ತಲುಪಿದ ಕೂಡಲೇ ಟ್ರೇಲರನ್ನು ನೀರಿಗಿಳಿಸಬೇಡಿ. ಓಡಿ ಬಿಸಿಯಾದ ಚಕ್ರದ ಬೇರಿಂಗ್ ತಟ್ಟನೆ ತಣಿದರೆ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕಾಲು ಗಂಟೆ ಬಿಡಿ, ಲೈಟಿನ ಪ್ಲಗ್ ಕಳಚಿ, ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆಯಿರಿ.