ಸೊಬುಕ್ವೆ ಮಾಡಿದ್ದು ದ್ರೋಹವೇ?

‘ದಕ್ಷಿಣ ಆಫ್ರಿಕಾ ಬಗ್ಗೆ ನಿಮ್ಮ ಲೇಖನ ಓದಿದೆ. ಬಿಳಿಯರ ಸರ್ಕಾರ ಎದುರಿಗಿರುವಾಗ 1959ರಲ್ಲಿ ರಾಬರ್ಟ್ ಸೊಬುಕ್ವೆ ಬೇರೆ ಪಕ್ಷ ಕಟ್ಟಿದ್ದು ಚಳವಳಿಗೆ ಬಗೆದ ದ್ರೋಹ ಅಲ್ವಾ?’
– ಓದುಗರೊಬ್ಬರು, ದಾವಣಗೆರೆ

ನಮಸ್ಕಾರ. ದ್ರೋಹ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸೊಬುಕ್ವೆಗೆ ನಾವು ಒಂದೇ ಸಾಲು ಕೊಟ್ಟಿದ್ದು ನಮ್ಮ ತಪ್ಪು. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತಿದ್ದೇನೆ. ಸೊಬುಕ್ವೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ (ಎಎನ್‌ಸಿ) ಬಿಟ್ಟು ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ (ಪಿಎಸಿ) ಕಟ್ಟಿದವರು.

1955ರ ಜೂನ್‌ನಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರದ ಕ್ಲಿಪ್‌ಟೌನ್ ಬಯಲಲ್ಲಿ ಎಎನ್‌ಸಿ ಮತ್ತು ಅದರ ಮಿತ್ರ ಸಂಘಟನೆಗಳು ಕರೆದ ಸಭೆಗೆ ಸುಮಾರು 3,000 ಪ್ರತಿನಿಧಿಗಳು ಸೇರಿದ್ದರು. ಎರಡನೇ ದಿನ ಪೊಲೀಸರು ನುಗ್ಗಿ ಕಾಗದಪತ್ರ ಕಿತ್ತುಕೊಂಡರು. ಆದರೂ ಮುಂದಿನ ದೇಶ ಹೇಗಿರಬೇಕು ಎಂದು ಹೇಳುವ ಸ್ವಾತಂತ್ರ್ಯ ಸನ್ನದು ಹುಟ್ಟಿತು. ಈ ದೇಶ ಇಲ್ಲಿ ಬದುಕುವ ಎಲ್ಲರದು, ಕರಿಯರದೂ ಬಿಳಿಯರದೂ ಎಂದು ಅದರ ಶುರುವಿನಲ್ಲೇ ಇತ್ತು. ಜಗಳ ಹತ್ತಿದ್ದು ಈ ಮಾತಿಗೆ. 1913ರ ಭೂ ಕಾಯ್ದೆ ಆಫ್ರಿಕನ್ನರಿಗೆ ಉಳಿಸಿದ್ದು ದೇಶದ ಶೇ 7ರಷ್ಟು ಭೂಮಿ ಮಾತ್ರ. ಹೊಲ ಕಿತ್ತುಕೊಂಡವನನ್ನೂ ಕಳಕೊಂಡವನನ್ನೂ ಒಟ್ಟಿಗೆ ಕೂರಿಸಿ ‘ಇದು ನಿಮ್ಮಿಬ್ಬರದು’ ಅಂದರೆ ಕಳಕೊಂಡವನಿಗೆ ಹೊಟ್ಟೆ ಉರಿಯದೇ ಇರುತ್ತದಾ?

ಇನ್ನೊಂದು ತಕರಾರು ತಂತ್ರದ್ದು. ಆಗ ಆಫ್ರಿಕನ್ನರಿಗೊಂದು, ಭಾರತೀಯರಿಗೊಂದು, ಬಿಳಿಯರಿಗೊಂದು ಅಂತ ಬೇರೆ ಬೇರೆ ಕಾಂಗ್ರೆಸ್ ಇದ್ದವು. ಎಲ್ಲವೂ ಮೈತ್ರಿಯಲ್ಲಿದ್ದವು, ಸರಿ. ಆದರೆ ಬಣ್ಣದ ಗೋಡೆ ಒಡೆಯುವವರೇ ಬಣ್ಣಕ್ಕೊಂದು ಸಂಘ ಇಟ್ಟುಕೊಂಡರೆ ಹೇಗೆ? ಸೊಬುಕ್ವೆ ಬಿಳಿಯರನ್ನು ದ್ವೇಷಿಸಿದವರಲ್ಲ. ಇರುವುದು ಒಂದೇ ಜನಾಂಗ, ಮನುಷ್ಯ ಜನಾಂಗ ಎಂದು ಸಾರಿದವರು.

ಅವರು ಎಡವಿದ್ದು ಅವಸರದಲ್ಲಿ ಅಂತ ನನಗನಿಸುತ್ತದೆ. ಆಫ್ರಿಕನ್ನರು ಓಡಾಡಲು ಪಾಸ್ ಇಟ್ಟುಕೊಂಡಿರಲೇಬೇಕು ಎನ್ನುವ ಪಾಸ್ ಕಾನೂನಿನ ವಿರುದ್ಧ ಎಎನ್‌ಸಿ 1960ರ ಮಾರ್ಚ್ 31ಕ್ಕೆ ಚಳವಳಿ ಗೊತ್ತುಮಾಡಿತ್ತು. ಸೊಬುಕ್ವೆಯ ಪಿಎಸಿ ಹತ್ತು ದಿನ ಮೊದಲೇ ಬೀದಿಗಿಳಿಯಿತು. ಮಾರ್ಚ್ 21ರ ಬೆಳಿಗ್ಗೆ ಸೊಬುಕ್ವೆ ಪಾಸ್ ಇಲ್ಲದೆ ಓರ್ಲಾಂಡೊ ಪೊಲೀಸ್ ಠಾಣೆಗೆ ನಡೆದುಹೋಗಿ, ನನ್ನನ್ನು ಬಂಧಿಸಿ ಅಂದರು. ಅದೇ ದಿನ ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಸತ್ತರು. ಬಹಳ ಮಂದಿಗೆ ಗುಂಡು ಬಿದ್ದಿದ್ದು ಬೆನ್ನಿಗೆ. ಆ ರಕ್ತದ ಹೊಣೆ ಗುಂಡು ಹೊಡೆದವರದು, ಅವಸರ ಮಾಡಿದವರದಲ್ಲ. ಮುಂದಿನ ತಿಂಗಳೇ ಎರಡೂ ಪಕ್ಷಗಳಿಗೆ ನಿಷೇಧ ಬಿತ್ತು.

ಸರ್ಕಾರ ಯಾರಿಗೆ ಎಷ್ಟು ಹೆದರಿತ್ತು ನೋಡಿ. ಮೂರು ವರ್ಷದ ಶಿಕ್ಷೆ ಮುಗಿದರೂ ಸೊಬುಕ್ವೆಯನ್ನು ಬಿಡಲಿಲ್ಲ. ಅದಕ್ಕೆಂದೇ 1963ರಲ್ಲಿ ಸಂಸತ್ತು ಕಾನೂನು ಮಾಡಿತು. ಸೆರೆಮನೆಯಿದ್ದ ರಾಬೆನ್ ದ್ವೀಪದ ಒಂದು ಮನೆಯಲ್ಲಿ ಅವರು ಆರು ವರ್ಷ ಒಂಟಿಯಾಗಿದ್ದರು. ಬೇರೆ ಕೈದಿಗಳ ಜೊತೆ ಮಾತಾಡುವಂತಿರಲಿಲ್ಲ. ಕೈದಿಗಳು ಆ ಕಡೆ ಹಾದುಹೋಗುವಾಗ ಒಂದು ಹಿಡಿ ಮಣ್ಣೆತ್ತಿ ಬೆರಳ ಸಂದಿಯಿಂದ ಸುಮ್ನೆ ಉದುರಿಸುತ್ತಿದ್ದರಂತೆ. ಈ ಮಣ್ಣು ನಮ್ಮದು ಅಂತ ಹೇಳಲು ಅವರಿಗೆ ಉಳಿದಿದ್ದ ದಾರಿ ಅದು.

ಬಣ್ಣಕ್ಕೊಂದು ಸಂಘ ಯಾಕೆ ಎಂಬ ಪ್ರಶ್ನೆ ಸೊಬುಕ್ವೆಯ ಎದುರಾಳಿಗಳನ್ನೂ ಬಿಡಲಿಲ್ಲ. ಯೂಸುಫ್ ದಾದೂ ಅಂಥ ಭಾರತೀಯ ಮೂಲದ ನಾಯಕರು ಎಎನ್‌ಸಿ ಜೊತೆ ಹೆಗಲು ಕೊಟ್ಟು ಹೋರಾಡಿದರೂ ಆ ಪಕ್ಷದ ಸದಸ್ಯರಾಗುವಂತಿರಲಿಲ್ಲ. 1969ರಲ್ಲಿ ಟಾಂಜಾನಿಯಾದ ಮೊರೊಗೊರೊ ಸಮ್ಮೇಳನದಲ್ಲಿ ಆ ಬಾಗಿಲು ತೆರೆಯಿತು. ಪಕ್ಷವನ್ನು ನಡೆಸುವ ಕಾರ್ಯಕಾರಿ ಸಮಿತಿಯ ಬಾಗಿಲು ತೆರೆದಿದ್ದು 1985ರಲ್ಲಿ, ಕ್ಲಿಪ್‌ಟೌನ್ ಸಭೆಯಾಗಿ ಮೂವತ್ತು ವರ್ಷಕ್ಕೆ.