ಓದುಗರ ಪ್ರಶ್ನೆ: ಸತ್ಯ ಆಯೋಗದ ಮುಂದೆ ಹೆಣ್ಣುಮಕ್ಕಳ ಹೇಳಿಕೆ

ಪ್ರಶ್ನೆ: ಅಂತರ್ಯುದ್ಧ ಮುಗಿದ ದೇಶಗಳಲ್ಲಿ, ನಡೆದ ದೌರ್ಜನ್ಯಗಳನ್ನು ಕೇಳಿ ದಾಖಲಿಸಲು ಸತ್ಯ ಆಯೋಗ ಕೂರಿಸುತ್ತಾರೆ ಎಂದು ಓದಿದ್ದೇನೆ. ಅತ್ಯಾಚಾರಕ್ಕೆ ಒಳಗಾದವರು ಅಷ್ಟು ಜನರೆದುರು ಹೇಗೆ ಬಾಯಿ ಬಿಡುತ್ತಾರೆ? ಹೆಸರು ಗುಟ್ಟಾಗಿಟ್ಟರೆ ಸಾಕೇ? ನಮ್ಮ ಕೊಡಗಿನಲ್ಲಿ ಮನೆಹೆಸರೊಂದು ಸಿಕ್ಕರೆ ಊರಿಗೆಲ್ಲ ಯಾರೆಂದು ಗೊತ್ತಾಗುತ್ತದೆ.
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಬಹಳ ಮಂದಿ ಬಾಯಿ ಬಿಡುವುದೇ ಇಲ್ಲ. ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳ ಬಗ್ಗೆ ದಕ್ಷಿಣ ಆಫ್ರಿಕಾದ ಆಯೋಗ 1996ರಲ್ಲಿ ಬಹಿರಂಗ ವಿಚಾರಣೆ ಶುರು ಮಾಡಿದಾಗ ಬಂದ ಹೆಂಗಸರು ಹೆಚ್ಚಾಗಿ ಗಂಡನ, ಮಗನ ಸಂಕಟ ಹೇಳಿದರೇ ಹೊರತು ತಮ್ಮ ಮೈಮೇಲೆ ನಡೆದದ್ದನ್ನಲ್ಲ. ಮಹಿಳಾ ಸಂಶೋಧಕರು ಒತ್ತಾಯಿಸಿದ ಮೇಲೆ ಕೇಪ್‌ಟೌನ್, ಡರ್ಬನ್, ಜೋಹಾನ್ಸ್‌ಬರ್ಗ್‌ಗಳಲ್ಲಿ ಹೆಂಗಸರಿಗೆಂದೇ ವಿಚಾರಣೆ ನಡೆಯಿತು. ಪೆರುವಿನ ಆಯೋಗ ಸುಮಾರು 17,000 ಹೇಳಿಕೆ ಪಡೆದರೂ ಅದರಲ್ಲಿ ದಾಖಲಾದ ಅತ್ಯಾಚಾರ ಪ್ರಕರಣ 538 ಮಾತ್ರ. ನಡೆದದ್ದು ಇಷ್ಟೇ ಎಂದು ದಯವಿಟ್ಟು ಓದಿಕೊಳ್ಳಬೇಡಿ. ಹೇಳಲು ಸಾಧ್ಯವಾದದ್ದು ಇಷ್ಟು.

ಹೀಗಾಗಿ ಕೇಳುವ ಕ್ರಮವೇ ಮುಖ್ಯ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ತನ್ನ ಆಯೋಗದ 2000ರ ಕಾಯ್ದೆಯಲ್ಲೇ ಲೈಂಗಿಕ ದೌರ್ಜನ್ಯಕ್ಕೆ ವಿಶೇಷ ಗಮನ ಕೊಡಬೇಕೆಂದು ಬರೆಯಿತು. ಬಾಗಿಲು ಮುಚ್ಚಿ ಹೇಳುವ ಅವಕಾಶವೂ ಇತ್ತು. ಎಲ್ಲೇ ಆದರೂ ಹೇಳಿಕೆ ಪಡೆಯುವವಳು ಹೆಂಗಸಾಗಿರಬೇಕು, ದುಭಾಷಿ ಅದೇ ಊರಿನವಳಾಗಿರಬಾರದು. ಅತ್ತೆ, ಗಂಡ, ಮಕ್ಕಳು ಹೊರಗಿರಬೇಕು. ‘ಅತ್ಯಾಚಾರ ಆಯಿತೇ?’ ಎಂದು ನೇರ ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುವುದು. ಅವತ್ತು ಮನೆಯಲ್ಲಿ ಯಾರಿದ್ದರು, ಯಾರು ಬಂದರು, ಯಾರನ್ನು ಎಲ್ಲಿಗೆ ಕರೆದೊಯ್ದರು, ಎಷ್ಟು ದಿನ ಇಟ್ಟುಕೊಂಡರು, ಆಮೇಲೆ ಆರೋಗ್ಯ ಹೇಗಿತ್ತು ಎಂದು ಸುತ್ತಿ ಬರಬೇಕು. ಎಷ್ಟೋ ಸಲ ‘ಅಡುಗೆ ಮಾಡಿಸಿಕೊಂಡರು’ ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಅಲ್ಲಿ ತಡೆದು ಒತ್ತಾಯಿಸಬಾರದು, ಹಾಗೆಂದು ಅದನ್ನು ಬರೀ ಕೂಲಿಕೆಲಸ ಎಂದು ಫಾರಂನಲ್ಲಿ ತುಂಬಲೂಬಾರದು. ಇನ್ನೊಂದು ಸಲ ಬರುವ ದಾರಿ ತೆರೆದಿಡಬೇಕು. ಗಂಡಸರಿಗೂ ಇವೇ ಪ್ರಶ್ನೆ ಕೇಳಬೇಕು; ಅವರ ಮೇಲಾದ ಲೈಂಗಿಕ ಹಿಂಸೆ ‘ಚಿತ್ರಹಿಂಸೆ’ ಎಂಬ ಒಂದೇ ಕಲಮಿನಲ್ಲಿ ಮರೆಯಾಗಿಬಿಡುತ್ತದೆ.

ಮನೆಹೆಸರಿನ ನಿಮ್ಮ ಆತಂಕ ಸರಿಯಾದದ್ದೇ. ಹೆಸರು ಅಳಿಸಿ, ಊರು, ತಾರೀಕು, ವಯಸ್ಸು, ಮಕ್ಕಳ ಸಂಖ್ಯೆ ಹಾಗೇ ಬಿಟ್ಟರೆ ಅಳಿಸಿದ್ದು ದಂಡ. ಹೇಳಿಕೆಗೆ ಸಂಕೇತ ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿಯನ್ನು ಬೇರೆಡೆ ಬೀಗ ಹಾಕಿಡಬೇಕು. ವರದಿಯಲ್ಲಿ ಜಿಲ್ಲೆ ಮತ್ತು ವರ್ಷಕ್ಕಿಂತ ಹೆಚ್ಚಿನ ವಿವರ ಬೇಡ. ಆಯೋಗದ ಜೀಪು ಒಬ್ಬಳ ಅಂಗಳದಲ್ಲಿ ನಿಂತರೇ ಗುಟ್ಟು ಮುಗಿಯಿತು. ಆದ್ದರಿಂದ ಜಮೀನು ಕಳೆದುಕೊಂಡವರೂ, ಮನೆ ಸುಟ್ಟುಹೋದವರೂ ಬರುವ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಹೇಳಿಕೆ ಪಡೆಯುವುದು ಒಳ್ಳೆಯದು.

ಪ್ರಶ್ನೆ: ಆಯೋಗ ಶಿಕ್ಷೆ ಕೊಡುವುದಿಲ್ಲವಲ್ಲ, ಹೇಳಿ ಏನು ಬಂತು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಗ್ವಾಟೆಮಾಲಾದ ಆಯೋಗ 1999ರಲ್ಲಿ ವರದಿ ಕೊಟ್ಟಿತು, ಅತ್ಯಾಚಾರವನ್ನು ಸೇನೆ ಯುದ್ಧದ ಆಯುಧವಾಗಿ ಬಳಸಿತೆಂದು, ಹೆಚ್ಚಿನ ಬಲಿಪಶುಗಳು ಮಾಯಾ ಎಂಬ ಮೂಲನಿವಾಸಿ ಜನಾಂಗದ ಹೆಂಗಸರೆಂದು ಅದರಲ್ಲಿತ್ತು. ಸೆಪುರ್ ಸಾರ್ಕೊ ಎಂಬ ಊರಿನ ಸೇನಾ ಶಿಬಿರದಲ್ಲಿ ಹೆಂಗಸರನ್ನು ಲೈಂಗಿಕ ಗುಲಾಮರಾಗಿ ಇಟ್ಟುಕೊಂಡಿದ್ದ ಮೊಕದ್ದಮೆಯಲ್ಲಿ 2016ರಲ್ಲಿ ಇಬ್ಬರಿಗೆ, ಒಬ್ಬನಿಗೆ 120 ಮತ್ತೊಬ್ಬನಿಗೆ 240 ವರ್ಷ, ಶಿಕ್ಷೆಯಾಯಿತು. ಸಾಕ್ಷಿ ಹೇಳಿದ ಅಜ್ಜಿಯಂದಿರು ಮುಖಕ್ಕೆ ಶಾಲು ಹೊದ್ದು ಕೋರ್ಟಿನಲ್ಲಿ ಕೂತಿದ್ದರು. ಆದರೆ ಆಯೋಗಕ್ಕೆ ಕೊಟ್ಟ ಹೇಳಿಕೆ, ಅದನ್ನು ಕೊಟ್ಟವಳನ್ನು ಕೇಳದೆ ಪೊಲೀಸರ ಕೈಸೇರಬಾರದು. ಹೇಳಲು, ಪ್ರಕಟಿಸಲು, ಕೋರ್ಟಿಗೆ ಕೊಡಲು ಬೇರೆ ಬೇರೆ ಒಪ್ಪಿಗೆ ಪಡೆಯಬೇಕು.

ಪರಿಹಾರದ ಮಾತೂ ಇದೆ. ಪೂರ್ವ ತಿಮೋರಿನ ಆಯೋಗ ಪರಿಹಾರದ ಸಂಪನ್ಮೂಲದಲ್ಲಿ ಅರ್ಧದಷ್ಟಾದರೂ ಹೆಂಗಸರಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಹಣ ಮನೆಯ ಯಜಮಾನನ ಖಾತೆಗೆ ಹೋದರೆ, ಯಾಕೆ ಬಂತೆಂದು ಅವನಿಗೆ ಮೊದಲು ತಿಳಿಯುತ್ತದೆ. ಅವಳ ಹೆಸರಿನಲ್ಲೇ ಖಾತೆ ಇರಬೇಕು, ಪಾಸ್‌ಬುಕ್ಕಿನಲ್ಲಿ ಕಾರಣ ನಮೂದಾಗಬಾರದು.